ಎದೆಯ ಮೇಲೆ ದನ ಬೇಡ

ಅಕ್ಕಾ,

ನೀನು ಕ್ಷೇಮವೇ ಎಂದು ಕೇಳುವಂತಿಲ್ಲ. ನಾನು ಕ್ಷೇಮ. ಬೈಯುವವರಿಲ್ಲದೆ ಒಂದಿಷ್ಟು ದಪ್ಪಗೂ ಆಗಿದ್ದೇನೆ. ನಿನ್ನ ಶಾಲೆಗೆ ಲಾಂಛನ ಮಾಡಿಕೊಡು ಎಂದಿದ್ದೆಯಲ್ಲ, ಅದು ಆಯಿತು. ಆದರೆ ನೀನು ಹೇಳಿದ ಹಾಗೆ ಆಗಲಿಲ್ಲ. ಪೂರ್ತಿ ಕೇಳಿಸಿಕೋ, ಆಮೇಲೆ ಬೈ.

ಕಡೂರಿನ ನನ್ನ ಡಿಸೈನ್ ಅಂಗಡಿಗೆ ನೀನು ಬರುತ್ತಿದ್ದ ಶನಿವಾರಗಳು ನೆನಪಾಗುತ್ತವೆ. ಶಾಲೆ ಮುಗಿಸಿ, ಎಮ್ಮೆದೊಡ್ಡಿ ಬಸ್ಸಿನ ಧೂಳಿನ ಸಮೇತ ಬಂದು, ಕಂಪ್ಯೂಟರ್ ಮುಂದಿನ ನನ್ನ ಕುರ್ಚಿಯಲ್ಲೇ ಕೂರುತ್ತಿದ್ದೆ. ತರೀಕೆರೆಯದೊಂದು, ಅಜ್ಜಂಪುರದ್ದೊಂದು, ಬೀರೂರಿನದೊಂದು ಎಂದು ನಾನು ಮಾಡಿದ್ದ ಖಾಸಗಿ ಶಾಲೆಗಳ ಲಾಂಛನಗಳನ್ನು ನೋಡಿ ನಗುತ್ತಿದ್ದೆ. "ಎಲ್ಲಾದಕ್ಕೂ ಅದೇ ತೆರೆದ ಪುಸ್ತಕ, ಅದೇ ದೀಪ, ಅದೇ ಸೂರ್ಯ. ಹೆಸರು ಮುಚ್ಚಿದ್ರೆ ಯಾವ ಸ್ಕೂಲು ಅಂತ ಅವರ ಪ್ರಿನ್ಸಿಪಾಲ್‌ಗೂ ಗೊತ್ತಾಗಲ್ಲ ಕಣೋ." ನನಗೆ ಉರಿದುಹೋಗುತ್ತಿತ್ತು. ಗಿರಾಕಿ ಕೇಳಿದ್ದನ್ನು ಕೊಡದೆ ಇನ್ನೇನು ಮಾಡಲಿ?

ಆಸ್ಪತ್ರೆಯ ಮಂಚದಲ್ಲಿ ಮಲಗಿಯೂ ನಿನಗೆ ಶಾಲೆಯದೇ ಚಿಂತೆ. "ಆ ಪ್ರೈವೇಟ್ ಸ್ಕೂಲಿನ ವ್ಯಾನು ಊರಿಗೆ ಬಂದ್ಮೇಲೆ ನನ್ನ ಕ್ಲಾಸಿನ ಮಕ್ಕಳು ಒಬ್ಬೊಬ್ರಾಗಿ ಕಡೂರಿಗೆ ಹೋಗ್ತಿದಾರೆ. ನಮ್ಮ ಮಕ್ಕಳಿಗೂ ಎದೆ ಮೇಲೊಂದು ಗುರುತು ಬೇಕು ಕಣೋ, ತಲೆ ಎತ್ಕೊಂಡು ನಡೆಯೋಕೆ. ಅಮೃತಮಹಲ್ ಹೋರಿ ಬರಿ. ಅಂಥಾ ಕೊಂಬು ಇನ್ಯಾವ ಸ್ಕೂಲಿಗಿದೆ?" ಎಂದೆ. ನಾನು ಹ್ಞೂಂ ಅಂದೆ. ಆಗ ನಿನಗೆ ಯಾವುದಕ್ಕೆ ತಾನೇ ಇಲ್ಲ ಅನ್ನುತ್ತಿದ್ದೆ...

ನೀನು ಹೋದ ಮೇಲೆ ಒಂದು ಬೆಳಗ್ಗೆ ನಿನ್ನ ಶಾಲೆಯಾಚೆಯ ಕಾವಲಿಗೆ, ಆ ದನಗಳ ಹುಲ್ಲುಗಾವಲಿಗೆ ಹೋಗಿ, ಹುಲ್ಲಿನಲ್ಲಿ ಕೂತು ಹೋರಿಗಳನ್ನು ಬರೆದುಕೊಂಡು ಬಂದೆ. ಹಿಂದಕ್ಕೆ ಬಾಗಿ ಮತ್ತೆ ಮೇಲೇಳುವ ಆ ಕೊಂಬು ಕೈಗೆ ಬರುವವರೆಗೆ ಬಿಡಲಿಲ್ಲ. ಬರೆಯುತ್ತಾ ಅತ್ತೆ. ಅಷ್ಟು ಚೆನ್ನಾದ ಲಾಂಛನವನ್ನು ನಾನು ಹಿಂದೆಂದೂ ಮಾಡಿರಲಿಲ್ಲ.

ಪೋಷಕರ ಸಭೆಯಲ್ಲಿ ಅದನ್ನು ನಿನ್ನ ತರಗತಿಯ ಗೋಡೆಗೆ ಅಂಟಿಸಿದೆ. ಮೊದಲು ಎದ್ದವಳು ಗಂಗಮ್ಮ. ನಿನ್ನ ಐದನೇ ಕ್ಲಾಸಿನ ಸುಮಾಳ ತಾಯಿ. ಗಂಡ ಕಾವಲಲ್ಲಿ ದನ ಮೇಯಿಸುತ್ತಾನೆ. ಚಿಕ್ಕ ಮಗನನ್ನು ವ್ಯಾನ್ ಹತ್ತಿಸುವ ಯೋಚನೆಯಲ್ಲಿದ್ದಳು.

"ಚೆಂದಾಗೈತೆ ಸಾ. ಆದ್ರೆ ಬ್ಯಾಡ."

"ಯಾಕಮ್ಮ? ನಮ್ಮಕ್ಕನ ಕೊನೇ ಆಸೆ ಇದು!" ನನ್ನ ದನಿ ಏರಿತು.

"ವ್ಯಾನಲ್ಲಿ ಹೋಗೋ ಹುಡುಗ್ರು ಇದನ್ನ ದನ ಕಾಯೋ ಸ್ಕೂಲು ಅಂತಾರೆ. ಕಾಯ್ತೀವಿ, ಅದ್ರಲ್ಲೇನು ನಾಚ್ಕೆ ಇಲ್ಲ. ಆದ್ರೆ ಮಕ್ಳು ಲೆಕ್ಕ ತಪ್ಪಿದ್ರೆ ಮೇಷ್ಟ್ರುಗಳು ಏನಂತ ಬೈತಾರೆ ಹೇಳಿ? ದನ ಕಾಯೋಕ್ ಹೋಗು ಅಂತ ತಾನೇ? ನಿಮ್ಮಕ್ಕ ಒಬ್ರೇ ಸಾ, ಒಂದಿನಾನೂ ಆ ಮಾತಾಡ್ಲಿಲ್ಲ. ಈಗ ನೀವು ಅದನ್ನೇ ಬರ್ದು ಎದೆ ಮ್ಯಾಲೆ ಅಂಟಿಸ್ತೀರಾ?"

ಹೌದಾ ಅಕ್ಕ? ನಿಜವಾಗಿಯೂ ಒಂದು ದಿನವೂ ಅಂದಿರಲಿಲ್ಲವಾ? ಮನೆಯಲ್ಲಿ ನನಗೆ ದಿನಾ ಅನ್ನುತ್ತಿದ್ದೆಯಲ್ಲೇ! ಆ ಬೈಗುಳವನ್ನು ತಮ್ಮನೊಬ್ಬನಿಗೇ ಮೀಸಲಿಟ್ಟಿದ್ದೆಯಾ? ಹೋರಿಯನ್ನು ಸುತ್ತಿಕೊಂಡು ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಗಂಗಮ್ಮನ ಮೇಲೆ ಸಿಟ್ಟಿತ್ತು. ಕಡೂರು ಬರುವಷ್ಟರಲ್ಲಿ ಅದು ನಿನ್ನ ಮೇಲೂ ತಿರುಗಿತ್ತು. ಇಷ್ಟು ಬೇಗ ಹೋಗಿಬಿಟ್ಟೆ, ಈಗ ಯಾರನ್ನು ಕೇಳಲಿ?

ಚಿಕ್ಕಂದಿನಲ್ಲಿ ನನ್ನ ಸ್ಲೇಟಿನ ಮೇಲೆ ನೀನು ಹಾಕುತ್ತಿದ್ದ ರೈಟು ನೆನಪಾದದ್ದು ಆಮೇಲೆ. ಇತ್ತ ಪುಟ್ಟ ಕೊಕ್ಕೆ, ಅತ್ತ ಅಂಚಿನವರೆಗೂ ಎಳೆದ ಬಾಲ. ಬರೀ ಅಭ್ಯಾಸಕ್ಕೆ ಕಾವಲಿನ 'ಕ' ಬರೆದೆ. ತಲಕಟ್ಟಿನ ಜಾಗದಲ್ಲಿ ನಿನ್ನ ರೈಟನ್ನು ಕೆಂಪಿನಲ್ಲಿ ಕೂರಿಸಿದೆ. ಕೂತೇಬಿಟ್ಟಿತು! ಪುಸ್ತಕವಿಲ್ಲ, ದೀಪವಿಲ್ಲ, ಹೋರಿಯೂ ಇಲ್ಲ. ಮುಂದಿನ ಪೋಷಕರ ಸಭೆಗೆ ಒಯ್ದು ತೋರಿಸಿದರೆ ಸುಮಾ ಓಡಿ ಬಂದು, "ಅವ್ವಾ, ನಮ್ಮ ಮಿಸ್ಸಿನ ರೈಟು ಕಣವ್ವ" ಎಂದಳು. ಗಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಇದನ್ನ ಹಾಕ್ಸಿ ಸಾ" ಎಂದಳು, ಅಷ್ಟೇ. ಈಗ ಎಲ್ಲ ಮಕ್ಕಳ ಜೇಬಿನ ಮೇಲೂ ಅದೇ ಇದೆ. ನಿನ್ನ ಮಾತು ನಡೆಸಲಿಲ್ಲ ಅಂತ ಮುನಿಸಿಕೊಳ್ಳಬೇಡ.

ನಿನ್ನೆ ಗಂಗಮ್ಮ ಸಂತೆಗೆ ಬಂದವಳು ಅಂಗಡಿಗೂ ಬಂದಿದ್ದಳು. ಮಗನನ್ನು ವ್ಯಾನ್ ಹತ್ತಿಸಲಿಲ್ಲವಂತೆ, ನಿನ್ನ ಶಾಲೆಗೇ ಒಂದನೇ ಕ್ಲಾಸಿಗೆ ಸೇರಿಸಿದ್ದಾಳೆ. ನಿನ್ನ ಜಾಗಕ್ಕೆ ಬಂದ ಹೊಸ ಮೇಷ್ಟ್ರು ಸ್ವಲ್ಪ ಮುಂಗೋಪಿ. ಮೊನ್ನೆ ಹುಡುಗ ಕೂಡುವ ಲೆಕ್ಕ ತಪ್ಪಿದ್ದಕ್ಕೆ ರೇಗಿ, "ಹೋಗ್ಲೇ, ದನ..." ಅಂದವರು, ಅವನ ಜೇಬಿನ ಮೇಲಿದ್ದ ನಿನ್ನ ರೈಟಿನ ಮೇಲೆ ಕಣ್ಣು ಬಿದ್ದು ಅಲ್ಲಿಗೇ ನಿಲ್ಲಿಸಿಬಿಟ್ಟರಂತೆ.

"ಆಮೇಲೆ?" ಎಂದೆ.

"ಆಮೇಲೇನು ಸಾ? ಬಾ ಇಲ್ಲಿ, ಇನ್ನೊಂದ್ಸಲ ಮಾಡು ಅಂದ್ರಂತೆ."

ನಿನ್ನ ತಮ್ಮ