ಧರ್ಮಣ್ಣನ ಕಪಾಟು

೧ ಜುಲೈ, ಮಂಗಳವಾರ

ಬೀಗ ತೆಗೆದೆ. ಕಸ ಹೊಡೆದೆ. ಪೇಪರು ಇನ್ನೂ ಬಂದಿಲ್ಲ, ಆಳಂದದ ಬಸ್ಸು ಲೇಟು. ಕಂಪ್ಯೂಟರ್ ಬಂದು ತಿಂಗಳಾದರೂ ಅದರ ಪ್ಲಾಸ್ಟಿಕ್ ಮುಸುಕು ತೆಗೆದಿಲ್ಲ. ಧೂಳು ಕೂತೀತು ಅನ್ನುವುದು ನೆಪ. ಅದರ ಮುಂದೆ ಕೂತರೆ ನಾನು ಹೊಸ ಸೊಸೆ ಆಗಿಬಿಡುತ್ತೇನೆ... ಯಾವ ಡಬ್ಬಿಯಲ್ಲಿ ಏನಿದೆ ಗೊತ್ತಾಗುವುದಿಲ್ಲ.

ಮಧ್ಯಾಹ್ನ ಮೇಲಿನ ಕಚೇರಿಯಿಂದ ಫೋನು. ನರೋಣಾ ಗ್ರಂಥಾಲಯದ ಪುಸ್ತಕಗಳೆಲ್ಲ ಈ ತಿಂಗಳೊಳಗೆ ಕಂಪ್ಯೂಟರಿಗೆ ಏರಬೇಕು. ಬಾರ್‌ಕೋಡ್ ಹಚ್ಚಬೇಕು. ವಿಷಯವಾರು ಜೋಡಿಸಬೇಕು.

ವಿಷಯವಾರು ಅಂತೆ. ನಮ್ಮಲ್ಲಿ ವಿಷಯ ಎಲ್ಲಿದೆ, ಮನುಷ್ಯರಿದ್ದಾರೆ. ನನಗಿಂತ ಮೊದಲು ಇಲ್ಲಿದ್ದ ನಾಗಣ್ಣ ಕಾಕಾ ಹಾಕಿಕೊಟ್ಟ ಪದ್ಧತಿ: ಪುಸ್ತಕವನ್ನು ಮೊದಲು ಯಾರು ಓದಿದರೋ ಅವರ ಹೆಸರಿನ ಕಪಾಟಿನಲ್ಲಿ, ಓದಿದ ಸರದಿಯಲ್ಲೇ ಇಡುವುದು. ಸುಭದ್ರಾಬಾಯಿ ಕಪಾಟು. ವಜೀರುನ್ನಿಸಾ ಕಪಾಟು. ಧರ್ಮಣ್ಣನ ಕಪಾಟು. ಬಂದವರು ಪುಸ್ತಕದ ಹೆಸರು ಕೇಳುವುದಿಲ್ಲ. "ಸುಭದ್ರಾಬಾಯಿ ಓದಿ ಅತ್ತಿದ್ಲಲ್ಲ, ಅದು ಕೊಡ್ರಿ" ಅಂತಾರೆ. ಕೈ ಹಾಕಿದರೆ ಸಿಗುತ್ತೆ. ಅಡುಗೆ ಹೇಗಿದೆ ಅಂತ ಉಂಡವರನ್ನು ಕೇಳಬೇಕು, ಒಲೆಯನ್ನಲ್ಲ — ಇದು ಕಾಕಾನ ಮಾತು.

೩ ಜುಲೈ, ಗುರುವಾರ

ಆಳಂದದಿಂದ ಸತೀಶಕುಮಾರ ಬಂದಿದ್ದ. ಕಂಪ್ಯೂಟರ್ ಕಲಿಸಲು ತಾಲ್ಲೂಕಿನ ಊರೂರು ಸುತ್ತುವವನು. ಒಳ್ಳೆಯವನು, ತಾಳ್ಮೆ ಬಹಳ. ಮುಸುಕು ಅವನೇ ತೆಗೆದ. ಪುಸ್ತಕದ ಹೆಸರು, ಬರೆದವರು, ವರ್ಷ... ಒಂದೊಂದಕ್ಕೂ ಒಂದೊಂದು ಖಾನೆ. ಪಕ್ಕದಲ್ಲಿ ಕೆಂಪು ಚುಕ್ಕಿ.

"ಚುಕ್ಕಿ ಇದ್ದ ಖಾನೆ ಖಾಲಿ ಬಿಟ್ರ ಅದು ಮುಂದ ಹೋಗಂಗಿಲ್ರಿ ಮೇಡಂ."

"ಓದಿದವರ ಹೆಸರು ಎಲ್ಲಿ ಹಾಕಬೇಕಪಾ?"

"ಅದಕ್ಕ ಖಾನೇನ ಇಲ್ರಿ."

ಚಹಾ ಕುಡಿಸಿ ಕಳಿಸಿದೆ.

೯ ಜುಲೈ, ಬುಧವಾರ

ಮುಗಿಯಿತು. ಸತೀಶಕುಮಾರ ಇಬ್ಬರನ್ನು ಕರೆತಂದಿದ್ದ. ನಾನು ಟೈಪು ಮಾಡುತ್ತ ಕೂತೆ, ಅವರು ಕಪಾಟು ಖಾಲಿ ಮಾಡುತ್ತ ಹೋದರು. ಕಥೆ ಒಂದು ಕಡೆ, ಕೃಷಿ ಒಂದು ಕಡೆ, ಇತಿಹಾಸ ಒಂದು ಕಡೆ. ಕಪಾಟಿನ ಮೇಲೆ ಕಾಕಾ ಅಂಟಿಸಿದ್ದ ಹೆಸರಿನ ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆದರು. ಹರಿದವು, ಹೆಸರಿನ ಪುಟ ಇಲ್ಲದವು ಕಂಪ್ಯೂಟರಿಗೆ ಏರುವುದಿಲ್ಲವಲ್ಲ — ಅವು ಚೀಲಕ್ಕೆ. ಸಂಜೆ ಆಳಂದದ ರದ್ದಿ ಗಾಡಿ ಬಂತು, ಒಯ್ದಿತು. ಚೀಲ ಬಿಚ್ಚಿ ನೋಡಬೇಕಿತ್ತು. ನೋಡದೆ ಸಹಿ ಮಾಡಿದೆ.

ಈಗ ಎಲ್ಲ ಚೊಕ್ಕಟ. ಮದುವೆ ಮುಗಿದ ಮನೆಯ ಹಾಗೆ ಕಾಣುತ್ತೆ. ಅಳು ಬಂತು, ಯಾಕೆ ಅಂತ ಕೇಳುವವರು ಯಾರೂ ಇರಲಿಲ್ಲ.

ಭಾಗಮ್ಮಾಯಿ ತನ್ನ ಮಗಳು ಸಂಘಮಿತ್ರಾಳ ಬಾಣಂತನಕ್ಕೆ ನೆಲೋಗಿಗೆ ಹೋಗಿದ್ದಾಳೆ. ಇದನ್ನೆಲ್ಲ ನೋಡಲಿಲ್ಲ, ಸದ್ಯ.

ಭಾಗಮ್ಮಾಯಿಯ ಗಂಡನೇ ಧರ್ಮಣ್ಣ. ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇತ್ತು. ನಮ್ಮ ಹರಿದ ಪುಸ್ತಕಗಳಿಗೆಲ್ಲ ಅವನೇ ವೈದ್ಯ. ಪಂಕ್ಚರ್ ತಿದ್ದುವ ಸೊಲ್ಯೂಶನ್ನಿನಿಂದಲೇ ಬೆನ್ನು ಅಂಟಿಸಿ, ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸುತ್ತಿದ್ದ. ಹಾಗೆ ಅಂಟಿಸುತ್ತ ಅಂಟಿಸುತ್ತಲೇ ಓದಲು ಹತ್ತಿದ. ರಾತ್ರಿ ಉಣ್ಣುವಾಗ ಹೆಂಡತಿಗೆ ಕಥೆ ಹೇಳುತ್ತಿದ್ದ. ಅವಳಿಗೆ ಆಗ ಅಕ್ಷರ ಬರುತ್ತಿರಲಿಲ್ಲ. ಅವನು ತೀರಿಹೋದ ಮೇಲೆ ಸಾಕ್ಷರತೆ ಕ್ಲಾಸಿಗೆ ಹೋಗಿ ಕಲಿತಳು. ಆಮೇಲೆ ಇಲ್ಲಿಗೆ ಬಂದು, ಅವನ ಕಪಾಟಿನ ಮೊದಲ ಪುಸ್ತಕ ಕೇಳಿದಳು. ಅವನು ಓದಿದ ಸರದಿಯಲ್ಲೇ, ಬೆರಳು ಇಟ್ಟು ಇಟ್ಟು, ಒಂದಾದ ಮೇಲೊಂದು. ನೆಲೋಗಿಗೆ ಹೋಗುವ ಮುಂಚೆ, ಒಂದೇ ಒಂದು ಉಳಿದಿದೆ ಅಂದಿದ್ದಳು.

ಅದು ಈಗ ಎಲ್ಲಿದೆ? ಕಥೆಯ ಕಡೆ ಇರಬೇಕು. ನಾಳೆ ನೋಡಿದರಾಯಿತು.

೧೫ ಜುಲೈ, ಮಂಗಳವಾರ

ಬಂದಳು. ಕಾಲಿಗೆ ಇನ್ನೂ ಬಸ್ಸಿನ ಧೂಳು. ನೇರ ಆ ಮೂಲೆಗೆ ಹೋಗಿ ನಿಂತಳು.

"ಅಕ್ಕೋರ, ನಮ್ಮ ಮನಿಯವರ ಕಪಾಟ ಎಲ್ಲಿ ಹೋತ್ರಿ?"

"ಪುಸ್ತಕ ಬ್ಯಾರೆ ಕಡಿ ಕುಂತಾವ್ರಿ ಆಯಿ. ಹೆಸರು ಹೇಳ್ರಿ, ಕಂಪ್ಯೂಟರನ್ಯಾಗ ಹುಡುಕಿ ಕೊಡ್ತೇನಿ."

"ಹೆಸರು ಯಾರಿಗಿ ಗೊತ್ತದ? ಕಡೀದು. ಹೆಸರಿನ ಹಾಳಿ ಹೋಗಿತ್ತಲ್ರಿ, ಅದು. ಅಣ್ಣತಮ್ಮರು ಬಾವಿ ಪಾಲು ಮಾಡ್ಕೊಂಡ ಕಥಿ."

ಹೆಸರಿನ ಪುಟ ಇಲ್ಲದ್ದು. ಅಂಥವೆಲ್ಲ ಚೀಲಕ್ಕೆ ಹೋಗಿದ್ದವು. ಆದರೂ "ಬಾವಿ" ಅಂತ ಹೊಡೆದೆ. ಅಂತರ್ಜಲದ ಮೇಲೊಂದು ಬಂತು, ಮಕ್ಕಳ ಕಪ್ಪೆ ಕಥೆಯೊಂದು ಬಂತು.

ಅವಳು ತನ್ನ ಪಾಡಿಗೆ ಹೇಳುತ್ತಲೇ ಇದ್ದಳು. "ತಮ್ಮನ ಹೇಣ್ತಿ ಇದ್ದಾಳಲ್ರಿ, ಆಕಿ ಗಂಟು ಕಟ್ಕೊಂಡು ಹೊಸ್ತಿಲದಾಗ ನಿಂತಾಳ. ಹೋದಳೋ ಉಳದಳೋ ಅಂತ ಉಣ್ಣಾಗ ನಮ್ಮ ಮನಿಯವರಿಗಿ ಕೇಳಿದ್ನಿ. ನಾನು ಇನ್ನಾ ಅಲ್ಲೀತನಕ ಓದಿಲ್ಲ, ನಾಳಿ ಓದಿ ಹೇಳ್ತೇನಿ ಅಂತ ಕೈ ತೊಳ್ಕೊಂಡ್ರು. ಮುಂಜಾನಿ ಏಳಲೇ ಇಲ್ಲ. ಆರು ವರ್ಷ ಆತು ನೋಡ್ರಿ, ಆಕಿ ಹೊಸ್ತಿಲದಾಗೇ ನಿಂತಾಳ."

"ಅದನ್ನ ಮೊದಲ ಓದಬಾರದಿತ್ತೇನ್ರಿ ಆಯಿ?"

"ಊಟಕ್ಕ ಕುಂತ ಕೂಡ್ಲೇ ಯಾರರ ಮಜ್ಜಿಗಿ ಅನ್ನ ಉಣ್ತಾರೇನ್ರಿ?"

ನಕ್ಕಳು. ಆ ನಗುವಿನ ಮುಂದೆ ಸುಳ್ಳು ಹೇಳಲು ಆಗಲಿಲ್ಲ. ರದ್ದಿಗೆ ಹೋಗಿದೆ ಅಂದೆ. ನಾನೇ ಕಳಿಸಿದೆ ಅಂತಲೂ ಅಂದೆ.

ಬಯ್ಯಲಿಲ್ಲ. ಬೆಂಚಿನ ಮೇಲೆ ಕೂತಳು. ಆಮೇಲೆ, "ರದ್ದ್ಯಾಗ ಹೋದದ್ದು ಸಿಗ್ತದೇನ್ರಿ?"

ಬೈದಿದ್ದರೆ ಚೆನ್ನಾಗಿತ್ತು.

೧೬ ಜುಲೈ, ಬುಧವಾರ

ನಾಗಣ್ಣ ಕಾಕಾನಿಗೆ ಫೋನು ಮಾಡಿದೆ. ಅಫಜಲಪುರದಲ್ಲಿ ಮಗಳ ಮನೆಯಲ್ಲಿದ್ದಾನೆ. ಕಿವಿ ಮಂದ. ಕೂಗಿ ಕೂಗಿ ಹೇಳಿ ಗಂಟಲು ಹೋಯಿತು. ಪುಸ್ತಕದ ಹೆಸರು ಅವನಿಗೂ ಗೊತ್ತಿಲ್ಲ. ಬರುವಾಗಲೇ ಹಾಗಿತ್ತಂತೆ.

"ಕಪಾಟ ಖರೇನ ತೆಗದೇನವ್ವ?"

"ತೆಗದೇನ್ರಿ ಕಾಕಾ."

"ಹೋಗಲಿ ಬಿಡು. ಕಾಲ ಹಂಗದ." ಆಮೇಲೆ, "ಯಾರು ಏನ ಓದ್ಯಾರಂತ ಈಗ ಹೆಂಗ ಗೊತ್ತಾಗ್ತದ?"

ಕೇಳಿಸಲಿಲ್ಲ ಅನ್ನುವ ಹಾಗೆ ಫೋನಿಟ್ಟೆ. ಮಂದ ಕಿವಿ ಅವನದೊಂದೇ ಅಲ್ಲ.

೧೮ ಜುಲೈ, ಶುಕ್ರವಾರ

ಮಧ್ಯಾಹ್ನ ಬೀಗ ಹಾಕಿ ಆಳಂದಕ್ಕೆ ಹೋದೆ. ಖಜೂರಿ ರಸ್ತೆಯ ಮೇಲೆ ನಸ್ರೀನಳ ರದ್ದಿ ಅಂಗಡಿ. ಗಂಡನ ತಕ್ಕಡಿ ಈಗ ಅವಳ ಕೈಯಲ್ಲಿ. ಹೊರಗೆ ಮಹಾರಾಷ್ಟ್ರಕ್ಕೆ ಹೋಗುವ ಲಾರಿಗಳ ಸದ್ದು, ಮಾತು ಕೇಳಿಸುವುದಿಲ್ಲ.

"ನರೋಣಾದ ಚೀಲ? ಅವು ನಿನ್ನೀನೇ ಸೋಲಾಪುರದ ಗಾಡಿಗಿ ಹೋದುವಲ್ಲ ಅಕ್ಕಾ."

ಅಲ್ಲೇ ಕೂತುಬಿಟ್ಟೆ. ನೀರು ಕೊಟ್ಟಳು. ಕುಡಿಯುತ್ತ ನೋಡುತ್ತೇನೆ... ತಕ್ಕಡಿಯ ಪಕ್ಕ ಬೋರಲು ಹಾಕಿದ ಪುಸ್ತಕ. ಕ್ಯಾಲೆಂಡರಿನ ಹೊದಿಕೆ. ಕೈಗೆತ್ತಿಕೊಂಡೆ. ಸೊಲ್ಯೂಶನ್ನಿನ ವಾಸನೆ ಇನ್ನೂ ಇದೆ. ಪುಟಪುಟದ ಅಂಚಿಗೂ ಗ್ರೀಸಿನ ಹೆಬ್ಬೆರಳು, ಕರ್ರಗೆ. ತಿರುವುತ್ತ ಹೋದೆ. ಅರ್ಧಕ್ಕೆ ಬಂದಾಗ ಗುರುತು ನಿಂತಿತು. ಮುಂದಿನ ಹಾಳೆಗಳ ಅಂಚು ಬೆಳ್ಳಗೆ. ನಸ್ರೀನ ಪುಸ್ತಕ ಕಿತ್ತುಕೊಂಡು, ತಾನು ಓದಿದಲ್ಲಿಗೆ ಒಂದು ಕಡ್ಡಿ ಇಟ್ಟು ಮುಚ್ಚಿದಳು.

"ಅದು ಕೊಡಂಗಿಲ್ಲ. ನಾ ಓದ್ಲಾಕತ್ತೇನಿ. ತೂಕಕ್ಕ ಬಂದ ಪುಸ್ತಕ ಒಂದೊಂದು ಹಿಂಗ ಹಿಡಕೊಂಡು ಕುಂದರಸ್ತಾವ."

ಭಾಗಮ್ಮಾಯಿಯ ಸಂಗತಿ ಹೇಳಿದೆ, ಹೊಸ್ತಿಲಿನವರೆಗೂ. ನಸ್ರೀನ ಗುರುತಿಗೆ ಇಟ್ಟಿದ್ದ ಕಡ್ಡಿ ತೆಗೆದು ಪುಸ್ತಕ ನನ್ನ ಕೈಗಿಟ್ಟಳು.

"ನಾ ಇನ್ನಾ ಬಾವಿಕಟ್ಟಿ ಜಗಳದಾಗೇ ಇದ್ದೆ. ಒಯ್ರಿ. ಆಕಿ ಓದಿದ ಮ್ಯಾಲ ನನಗ ಕಳಸ್ರಿ. ಕಥಿ ಮಾತ್ರ ಹೇಳಬ್ಯಾಡ್ರಿ."

ಬಸ್ಸಿನಲ್ಲಿ ಪುಸ್ತಕ ತೊಡೆಯ ಮೇಲೆ. ಅರ್ಧದಿಂದ ಮುಂದೆ ಬಿಚ್ಚಲು ಎರಡು ಸಲ ಕೈ ಹೋಯಿತು. ಬಿಚ್ಚಲಿಲ್ಲ. ಅದು ನನ್ನ ಸರದಿ ಅಲ್ಲ.

೨೨ ಜುಲೈ, ಮಂಗಳವಾರ

ಭಾಗಮ್ಮಾಯಿ ದಿನಾ ಬಂದು ಓದುತ್ತಾಳೆ. ಮನೆಗೆ ಒಯ್ಯಿರಿ ಅಂದರೆ ಒಲ್ಲೆ ಅನ್ನುತ್ತಾಳೆ. ತೊಗರಿ ಹೊಲದ ಕೆಲಸ ಮುಗಿಸಿ, ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು ಕೂಡುತ್ತಾಳೆ. ಗ್ರೀಸಿನ ಗುರುತು ಬಂದಲ್ಲಿ ಅದರ ಮೇಲೆ ತನ್ನ ಹೆಬ್ಬೆರಳಿಟ್ಟೇ ಪುಟ ತಿರುವುತ್ತಾಳೆ. ಮೊದಲ ದಿನ ನೋಡಲಾರದೆ ಪೇಪರ್ ಮಡಚುವ ನೆಪದಲ್ಲಿ ಹೊರಗೆ ಹೋದೆ.

ಇವತ್ತು ಅವಳು ಬರುವ ಮೊದಲೇ ಸತೀಶಕುಮಾರ ಬಂದ. ಪುಸ್ತಕದ ಎರಡು ಸಾಲು ನೆಟ್ಟಿನಲ್ಲಿ ಹುಡುಕಿದ. ಎಲ್ಲೂ ಇಲ್ಲ. ಅವನ ಮುಖವೇ ಬದಲಾಯಿತು.

"ಮೇಡಂ, ಇದೊಂದ ಪ್ರತಿ ಉಳದಿರಬೌದ್ರಿ. ಸ್ಕ್ಯಾನ್ ಮಾಡಿ ಇಡೂಣು."

ಒಂದೊಂದೇ ಪುಟ ಮಾಡಿದ. ತೆರೆಯ ಮೇಲೆ ನೋಡಿದರೆ ಪುಟಗಳು ತೊಳೆದ ಹಾಗೆ ಬೆಳ್ಳಗೆ. ಗ್ರೀಸು ಮಾಯ.

"ಕಲೆ ಎಲ್ಲಾ ಅದು ತಾನ ಅಳಸ್ತದ್ರಿ."

"ಅಳಸೂದು ಬಂದ್ ಮಾಡಪಾ. ಕಲೆ ಇರಲಿ."

ಯಾಕೆ ಅಂತ ಕೇಳದೆ ಮತ್ತೆ ಮೊದಲಿನಿಂದ ಶುರು ಮಾಡಿದ. ಅದಕ್ಕೇ ಅವನನ್ನು ಒಳ್ಳೆಯವನು ಅನ್ನುವುದು.

ಕೊನೆಗೆ ಕೆಂಪು ಚುಕ್ಕಿಯ ಖಾನೆ. ಹೆಸರೇನು ಹಾಕುವುದು? ಅವನು ಸ್ವಲ್ಪ ಯೋಚಿಸಿ "ಹೆಸರಿಲ್ಲ" ಅಂತ ಹೊಡೆದ. ಒತ್ತಿದ. ಹಸಿರು ಟಿಕ್ ಬಂತು. ಸಲೀಸಾಗಿ ಹೋಯಿತು ಮುಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವತ್ತೇ ಹೀಗೆ ಹೊಡೆದಿದ್ದರೆ ಒಂದು ಚೀಲವೂ ಹೋಗುತ್ತಿರಲಿಲ್ಲ.

"ನನಗೂ ಹೊಳೀಲಿಲ್ರಿ ಮೇಡಂ," ಅಂದ. ಅಷ್ಟು ಕಲಿತ ಅವನಿಗೂ, ಇಷ್ಟು ವರ್ಷದ ನನಗೂ, ಖಾಲಿ ಖಾನೆ ಅಂದರೆ ಬೀಗ ಅಂತಲೇ ಅನಿಸಿತ್ತು. ಉಳಿದ ಪುಸ್ತಕಗಳು ಸೋಲಾಪುರದಲ್ಲಿ ಈಗ ರಟ್ಟಾಗಿರಬೇಕು. ಅವುಗಳ ಮುಖ ಕೂಡ ನೆನಪಿಲ್ಲ.

೨೬ ಜುಲೈ, ಶನಿವಾರ

ಕೊನೆಯಲ್ಲಿ "ಟಿಪ್ಪಣಿ" ಅಂತ ಒಂದು ಖಾನೆ ಇದೆ. ಯಾರೂ ಬಳಸುವುದಿಲ್ಲವಂತೆ. ಅದರಲ್ಲಿ ಓದಿದವರ ಹೆಸರು ತುಂಬಲು ಶುರು ಮಾಡಿದ್ದೇನೆ. ನೆನಪಿದ್ದಷ್ಟು. ಮರೆತದ್ದಕ್ಕೆ ಓಣಿ ಓಣಿ ತಿರುಗಿ ಕೇಳಿಕೊಂಡು ಬರುತ್ತೇನೆ. ಒಂದೊಂದು ಮನೆಯಲ್ಲಿ ಚಹಾ, ಒಂದೊಂದು ಮನೆಯಲ್ಲಿ ಹಳೆಯ ಜಗಳ. ಯಾರ ಪುಸ್ತಕ ಯಾರು ಮೊದಲು ಓದಿದರು ಅಂತ.

ಸಂಜೆ "ಧರ್ಮಣ್ಣ" ಅಂತ ಹೊಡೆದೆ. ಕೆಳಗೆ ಕೆಳಗೆ ಸಾಲಾಗಿ ಬಂದವು ಎಲ್ಲ. ಮರದ ಕಪಾಟಿನ ವಾಸನೆ ಇಲ್ಲ, ಅಷ್ಟೇ. ಅಷ್ಟೇ ಅಂತ ಬರೆದೆ, ಆದರೆ ಅದು ಸಣ್ಣದಲ್ಲ.

೨ ಆಗಸ್ಟ್, ಶನಿವಾರ

ಭಾಗಮ್ಮಾಯಿ ಇವತ್ತು ಬೇಗ ಬಂದಳು. ಅರ್ಧದ ಹತ್ತಿರ ಇದ್ದಾಳೆ ಅಂತ ನನಗೆ ಗೊತ್ತಿತ್ತು. ಎಂಟ್ರಿ ಮಾಡುತ್ತ ಕೂತೆ, ಕಣ್ಣು ಅತ್ತಲೇ.

ಓದುತ್ತ ಓದುತ್ತ ತುಟಿ ನಿಂತವು. ಹಾಳೆ ತಿರುವಿದಳು. ಮತ್ತೆ ಹಿಂದೆ ಬಂದಳು. ಮತ್ತೆ ತಿರುವಿದಳು. ಬಿಳಿ ಅಂಚನ್ನು ಬೆರಳಿನಿಂದ ಸವರಿ ನೋಡಿದಳು. ಪುಸ್ತಕ ಮುಚ್ಚಿ ಎದೆಗೆ ಹಿಡಿದು ಎದ್ದಳು. ಸಂಕಟ ತಾಳದೆ ಎದ್ದಳು ಅಂದುಕೊಂಡೆ.

"ಯಾಕ್ರಿ ಆಯಿ? ಇಲ್ಲೇ ಕುಂತು ಓದ್ರಿ. ಆಕಿ ಹೋದಳೋ ಉಳದಳೋ ಗೊತ್ತಾಗಲಿ."

"ಇಲ್ಲೀತನಕ ಅವರು ನನಗ ಹೇಳಿದ್ರು ಅಕ್ಕೋರ. ಇನ್ನ ಮುಂದಿಂದು ಅವರಿಗೂ ಗೊತ್ತಿಲ್ಲ. ಇದನ್ನ ಮನಿಗಿ ಒಯ್ತೇನಿ. ಉಣ್ಣಾಗ ಕುಂತು, ನಾನೇ ಅವರಿಗಿ ಓದಿ ಹೇಳ್ತೇನಿ."

ಹೋದಳು. ಅವಳ ಹೆಸರಿಗೆ ಬರೆದುಕೊಳ್ಳಬೇಕಿತ್ತು, ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಬಂದು ಟಿಪ್ಪಣಿ ಖಾನೆ ತೆರೆದೆ. ಈ ಪುಸ್ತಕ ಮೊದಲು ಓದಿದವರು ಯಾರು ಅಂತ ಬರೆಯಬೇಕಲ್ಲ. ಅರ್ಧದವರೆಗೆ ಧರ್ಮಣ್ಣ. ಅರ್ಧದಿಂದ ಮುಂದೆ ಇಬ್ಬರೂ.