ಗಾಜಿನ ಮೇಲಿನ ವಿಭೂತಿ

14 ಅಕ್ಟೋಬರ್ 1964, ದಾಂಡೇಲಿ. ಬೆಳಿಗ್ಗೆ

ಮಹಾನವಮಿಯ ಖಂಡೆ ಪೂಜೆ. ಕುಡುಗೋಲು, ಹೊಲಿಗೆ ಮಶೀನು, ಅಪ್ಪನ ಹಳೆಯ ಜರ್ಮನ್ ಕ್ಯಾಮೆರಾ — ಎಲ್ಲಕ್ಕೂ ಅವ್ವ ಮೂರು ಬೆರಳಿನ ವಿಭೂತಿ ಎಳೆದಳು. ಇವತ್ತೇ ಗಮನಿಸಿದ್ದು: ಕ್ಯಾಮೆರಾಕ್ಕೆ ಎಳೆದದ್ದು ಲೆನ್ಸಿನ ಗಾಜಿನ ಮೇಲೆಯೇ.

“ಅವ್ವಾ, ಗಾಜಿಗೆ ಬ್ಯಾಡ.”

“ಅದರ ಹಣಿ ಮತ್ತೆಲ್ಲಿ ಐತಿ? ತೋರಸು.”

ಅಪ್ಪ ನಕ್ಕು, ಧೋತರದ ಚುಂಗಿನಿಂದ ಒರೆಸಿದರು. ಹದಿನೈದು ವರ್ಷದಿಂದ ಹೀಗೇ ಅಂತೆ.

16 ಅಕ್ಟೋಬರ್

ಅಪ್ಪನ ಕಣ್ಣಿಗೆ ಪೊರೆ. ಫೋಕಸ್ ಕಾಣುವುದಿಲ್ಲ. ಕ್ಯಾಮೆರಾ ಹಳಿಯಾಳದ ಈಶಪ್ಪನವರಿಗೆ ಕೊಟ್ಟುಬಿಡುತ್ತಾರಂತೆ. ಕಟ್ಟಿಗೆ ವ್ಯಾಪಾರಿ, ಹಳೆಯ ಕ್ಯಾಮೆರಾಗಳ ಹುಚ್ಚು. ಗಾಜಿನ ಕಪಾಟಿನಲ್ಲಿ ಹನ್ನೊಂದು ಇಟ್ಟಿದ್ದಾರೆ.

“ಮಗ ಇದ್ದಿದ್ರ ಬ್ಯಾರೆ ಮಾತು,” ಎಂದರು ಅಪ್ಪ.

ತಟ್ಟೆ ತೊಳೆಯುತ್ತಿದ್ದೆ. ಬಿ.ಎ. ಪರೀಕ್ಷೆಯಲ್ಲಿ ರಸಸಿದ್ಧಾಂತದ ಮೇಲೆ ಹತ್ತು ಪುಟ ಬರೆದವಳು. ‘ನನಗೆ ಬೇಕು’ — ಎರಡು ಪದ ಹೊರಡಲಿಲ್ಲ.

18 ಅಕ್ಟೋಬರ್, ರವಿವಾರ

ಈಶಪ್ಪನವರು ಬಂದರು. ಕ್ಯಾಮೆರಾವನ್ನು ಕೂಸಿನಂತೆ ಎತ್ತಿಕೊಂಡು ಕಿಟಕಿಗೆ ಹಿಡಿದರು.

“ಏನ್ರೀ ಶೇಖಪ್ಪ, ಲೆನ್ಸಿಗೆ ರಂಗೋಲಿ ಹಾಕೀರೇನು?” ಎಂದು ಅಪ್ಪನನ್ನು ಕೇಳಿದರು.

ಗಾಜಿನ ತುಂಬ ಕೂದಲೆಳೆಯಂಥ ಗೀರು. ವಿಭೂತಿ ಒರೆಸಿ ಒರೆಸಿ.

“ದೇವರ ಬೂದಿರೀ. ಅದರಿಂದ ಏನಾಕ್ಕೈತಿ?” ಎಂದಳು ಅವ್ವ.

“ಫೋಟೋ ಮಬ್ಬಾಕ್ಕಾವ, ಯಕ್ಕಾ. ಇರ್ಲಿ. ನನ್ನ ಹತ್ರ ಇಂಥಾದ್ದ ಕೆಟ್ಟದ್ದೊಂದು ಐತಿ, ಅದರ ಗಾಜು ಕೂಡಸ್ತೇನಿ. ಈ ಗಾಜು ತಗದ ಒಗದರಾತು. ಮುಂದಿನ ರವಿವಾರ ಒಯ್ತೇನಿ.”

ಚಹಾ ತರಲು ಒಳಗೆ ಹೋದ ಅವ್ವ ಹೊರಗೆ ಬರಲಿಲ್ಲ. ನಾನೇ ತಂದುಕೊಟ್ಟೆ.

23 ಅಕ್ಟೋಬರ್

ಟ್ರಂಕಿನಿಂದ ಫೋಟೋಗಳನ್ನು ತೆಗೆದೆ. ಕುಳಗಿಯ ದಾರಿ. ಗಿರಣಿಯ ಚಿಮಣಿ. ಪದವಿಯ ಗೌನಿನಲ್ಲಿ ನಾನು. ಎಲ್ಲದರ ಮೇಲೂ ತೆಳು ಬಿಳಿ ಮಸುಕು — ಕಾಳಿ ಹೊಳೆಯ ಮಂಜು ಎಂದೇ ತಿಳಿದಿದ್ದೆ. ಆದರೆ ನಾನು ಗೌನು ಹಾಕಿ ನಿಂತದ್ದು ಮಟಮಟ ಮಧ್ಯಾಹ್ನ, ಧಾರವಾಡದಲ್ಲಿ...

ಅವ್ವನ ಫೋಟೋ ಒಂದೂ ಇಲ್ಲ. ಅವಳ ಬೆರಳು ಮಾತ್ರ ಎಲ್ಲದರಲ್ಲೂ.

24 ಅಕ್ಟೋಬರ್, ಸಂಜೆ

ಪೇಟೆಯಿಂದ ಫಿಲ್ಮ್ ರೋಲ್ ತಂದೆ. ಹಾಕುವುದನ್ನು ಅಪ್ಪ ತೋರಿಸಿಕೊಟ್ಟರು. ಕಣ್ಣು ಮುಚ್ಚಿಕೊಂಡೇ, ಬೆರಳಿಗೆ ಎಲ್ಲ ಗೊತ್ತು. ಯಾಕೆ ಎಂದು ಕೇಳಲಿಲ್ಲ. “ಎಂಟ ಫೋಟೋ ಬರ್ತಾವ. ಒತ್ತೂವಾಗ ಉಸಿರು ಹಿಡಿ,” ಎಂದರಷ್ಟೆ.

ನಾಳೆ ಈಶಪ್ಪನವರು ಬರುತ್ತಾರೆ. ಬಾಗಿಲಲ್ಲೇ ಹೇಳಿಬಿಡುತ್ತೇನೆ, ಅವರು ಕೂರುವ ಮೊದಲು. ಕೊಡುವುದಿಲ್ಲ. ನನಗೆ ಬೇಕು. ಗಾಜೂ ಅದೇ ಇರಲಿ.

ಅದಕ್ಕೂ ಮೊದಲು, ಬೆಳಿಗ್ಗೆ, ಅವ್ವ ಹಣೆಗೆ ವಿಭೂತಿ ಹಚ್ಚಿಕೊಳ್ಳುವಾಗ, ಅವಳಿಗೆ ಗೊತ್ತಾಗದ ಹಾಗೆ, ಎಂಟರಲ್ಲಿ ಮೊದಲನೆಯದು —