ಬೆನ್ನು ತಿರುಗಿಸಿದ ಗಿಳಿ

ದಾವಣಗೆರೆ
14-2-1962

ಹರಿಹರದಲ್ಲಿರುವ ನನ್ನ ಅಬ್ಬಾಗೆ ದಿಲ್ಷಾದಳ ಸಲಾಂ.

ಖತೀಜಾಬೀ ಚಿಕ್ಕಮ್ಮನ ಮನೆಯಲ್ಲಿ ಸೌಖ್ಯವಾಗಿದ್ದೇನೆ. ಅವರು ತಿನ್ನಿಸುವ ಪರಿ ನೋಡಿದರೆ, ರಜೆಗೆ ಬಂದಾಗ ನೀವು ನನ್ನ ಗುರುತು ಹಿಡಿಯಲಾರಿರಿ.

ಟ್ರೇನಿಂಗ್ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಶಿವಮೂರ್ತಪ್ಪನವರು, ನಮ್ಮ ಚಿತ್ರದ ಪುಸ್ತಕದ ರಟ್ಟಿಗೆ ನಾವೇ ಒಂದು ಚಿತ್ರ ಆರಿಸಬೇಕೆಂದಿದ್ದಾರೆ. ಚೆಂದವಿದ್ದರೆ ಸಾಲದು, ಯಾಕೆ ಅದೇ ಅಂತ ಕೇಳಿದರೆ ಹೇಳಲು ಬರಬೇಕಂತೆ. ಗೆಳತಿಯರು ತಾವರೆ, ಹಂಸ ಬರೆದು ಕೈ ತೊಳೆದುಕೊಂಡರು. ನಾನು ಎಂಟು ದಿನ ಖಾಲಿ ರಟ್ಟು ನೋಡುತ್ತಾ ಕುಳಿತೆ. ನನಗೆ ಬೇಕಿದ್ದದ್ದು ಮದುವೆ ಟ್ರಂಕಿನ ಮುಚ್ಚಳಕ್ಕೆ ನೀವು ಬರೆಯುತ್ತಿದ್ದ ಎದುರುಬದುರು ಗಿಳಿಗಳು. ಯಾಕೆ ಅದೇ ಎಂಬುದನ್ನು ಮಾತ್ರ ಮೊದಲು ನಿಮಗೇ ಹೇಳಬೇಕು.

ಹೋದ ವರ್ಷ ಅನ್ನಪೂರ್ಣಮ್ಮನವರ ಮಗಳ ಟ್ರಂಕು ವಾಪಸು ಬಂತಲ್ಲ. ಒಂದು ಗಿಳಿ ಇನ್ನೊಂದಕ್ಕೆ ಬೆನ್ನು ತಿರುಗಿಸಿ ಕೂತೈತೆ, ಇಂಥಾದ್ನ ಮದುಮಗಳು ಹೆಂಗೆ ಒಯ್ಯಬೇಕ್ರಿ ಅಂತ ಆ ತಾಯಿ ಕಣ್ಣೀರು ಹಾಕಿದ್ದರು. ಜ್ವರದಾಗ ಕಾಗದ ಮಗುಚಿ ಹಾಕಾದು ಮರ್ತೀನಿ, ಇನ್ನ ಈ ಕೈ ನಂಬಾದು ಬ್ಯಾಡ ಅಂತ ನೀವು ಕುಂಚ ಕಟ್ಟಿಟ್ಟಿರಿ.

ಅಬ್ಬಾ, ಮರೆತವರು ನೀವಲ್ಲ. ನೀವು ಬರೆದದ್ದು ಬಲಗಡೆಯ ಗಿಳಿ ಮಾತ್ರ. ನೀವು ಜ್ವರದಲ್ಲಿ ಮೈಮರೆತು ಮಲಗಿದ್ದ ಮಧ್ಯಾಹ್ನ, ಮದುವೆಗೆ ತಡವಾದೀತೆಂದು, ಗಿಳಿಯ ಗೆರೆಗುಂಟ ತೂತು ಚುಚ್ಚಿದ ನಿಮ್ಮ ಅಚ್ಚಿನ ಕಾಗದವನ್ನು ತಗಡಿನ ಮೇಲಿಟ್ಟು, ಇದ್ದಿಲ ಪುಡಿ ತಟ್ಟಿ, ಎಡಗಡೆಯದನ್ನು ನಾನು ಬರೆದೆ. ಎರಡನೇ ಗಿಳಿಗೆ ಅದೇ ಕಾಗದವನ್ನು ಮಗುಚಬೇಕೆಂಬುದು ನನಗೆ ಹೊಳೆಯಲಿಲ್ಲ. ನೀವು ಏಳುವ ಮೊದಲೇ ಅನ್ನಪೂರ್ಣಮ್ಮನವರ ಮನೆಯವರು ಬಂದು ಟ್ರಂಕು ಒಯ್ದರು. ಬೈಯುತ್ತೀರೆಂದು ಹೆದರಿ ಸುಮ್ಮನಿದ್ದೆ. ಇವತ್ತು ನೀವು ಕುಂಚ ಬಿಟ್ಟು ಹತ್ತಿ ಜಿನ್ನಿನ ಕಾರ್ಖಾನೆಯ ಬಾಗಿಲು ಕಾಯುತ್ತಿರುವುದು ನನ್ನಿಂದ. 

ಊರಿಗೆ ಬರುತ್ತಿರುವ ರಜಾಕ್ ಮಾಮುವಿನ ಕೈಯಲ್ಲಿ ಪುಸ್ತಕ ಕಳಿಸಿದ್ದೇನೆ. ರಟ್ಟಿನ ಎಡಗಡೆ ನನ್ನ ಗಿಳಿ ಇದೆ, ಈ ಸಲ ಸರಿಯಾಗಿ ಬಲಕ್ಕೆ ಮುಖ ಮಾಡಿದೆ. ಬಲಗಡೆ ಜಾಗ ಬಿಟ್ಟಿದ್ದೇನೆ. ಅಲ್ಲಿ ನೀವು ಬರೆಯಬೇಕು. ಕುಂಚ ಹಿಡಿಯಲು ಮನಸ್ಸಾಗದಿದ್ದರೆ ಹಾಗೇ ಕಳಿಸಿ, ಅರ್ಧ ಖಾಲಿ ರಟ್ಟನ್ನೇ ಮೇಷ್ಟ್ರ ಮುಂದಿಟ್ಟು ಕಾರಣ ಹೇಳುತ್ತೇನೆ.

ನಿಮ್ಮ ತಪ್ಪಿತಸ್ಥ ಮಗಳು,
ದಿಲ್ಷಾದ್

ಮರೆತ ಮಾತು: ಹೆದರಿ ಸುಮ್ಮನಿದ್ದೆ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಟ್ರಂಕು ವಾಪಸು ಬಂದ ದಿನ ನೀವು ಮುಚ್ಚಳವನ್ನು ಬೆಳಕಿಗೆ ಹಿಡಿದು ಎಡಗಡೆಯ ಗಿಳಿಯ ಗರಿ ಗರಿಯನ್ನೂ ನೋಡಿದಿರಿ. ಇದು ನನ್ನ ಕೈಯಲ್ಲ ಎಂದು ನೀವು ಹೇಳಲಿಲ್ಲ, ನನ್ನ ಗೆರೆಯನ್ನು ನಿಮ್ಮದೆಂದೇ ತಿಳಿದಿರಿ. ಆ ಹೆಮ್ಮೆಗೆ ಬಾಯಿ ಬಿಡಲಿಲ್ಲ, ಅಬ್ಬಾ.